ಅಮೆರಿಕದ ಕೌಂಟಿ ನ್ಯಾಯಾಲಯದಲ್ಲಿ ಆದ ವಿಚ್ಛೇದನ: ದಾಖಲೆಯನ್ನು ಇಲ್ಲಿಂದಲೇ ತರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: 2007ರಲ್ಲಿ ಶಿವಮೊಗ್ಗದಲ್ಲಿ ನನ್ನ ಮದುವೆಯಾಯಿತು. ಗಂಡನ ಕೆಲಸದ ಕಾರಣ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಆರು ವರ್ಷ ಇದ್ದೆವು. 2013ರಲ್ಲಿ ಅವರು ಸ್ಯಾನ್ ಹೋಸೆಯ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ನಾನೂ ವಕೀಲರನ್ನು ಇಟ್ಟುಕೊಂಡು, ಒಪ್ಪಿಗೆಯಿಂದ ಸಹಿ ಮಾಡಿದೆ. ಮರುವರ್ಷ ತೀರ್ಪು ಬಂತು; ನಾನು ಊರಿಗೆ ಮರಳಿದೆ. ಈಗ ಮರುಮದುವೆ ನಿಶ್ಚಯವಾಗಿದೆ. ನೋಂದಣಿಗೆ ಹೋದಾಗ, ವಕೀಲರು ಅಂದು ಇಮೇಲ್‌ನಲ್ಲಿ ಕಳಿಸಿದ್ದ ತೀರ್ಪಿನ ಪ್ರತಿಯನ್ನು ಕಚೇರಿಯವರು ಒಪ್ಪಲಿಲ್ಲ. ‘ಒರಿಜಿನಲ್ ಡೈವೋರ್ಸ್ ಸರ್ಟಿಫಿಕೇಟ್ ತನ್ನಿ’ ಎಂದರು. ಆ ವಕೀಲರು ಈಗ ವೃತ್ತಿಯಲ್ಲಿಲ್ಲ. ಹಿಂದಿನ ಗಂಡನೊಡನೆ ಸಂಪರ್ಕವಿಲ್ಲ, ಬೇಡವೂ ಬೇಡ. ಅಮೆರಿಕದ ವೀಸಾ ಮುಗಿದಿದೆ. ಅವರ ಸಹಿಯಿಲ್ಲದೆ ದಾಖಲೆ ಸಿಗುತ್ತದೆಯೇ? ಇಷ್ಟು ವರ್ಷದ ಮೇಲೆ ಕಡತ ಉಳಿದಿರುತ್ತದೆಯೇ? ಅಮೆರಿಕದ ವಿಚ್ಛೇದನ ಭಾರತದಲ್ಲಿ ನಡೆಯುವುದೇ ಇಲ್ಲ ಎಂದು ಒಬ್ಬರು ಹೆದರಿಸಿದ್ದಾರೆ. ಅದು ನಿಜವೇ? ನಿಶ್ಚಿತಾರ್ಥವಾಗಿದೆ, ಮದುವೆಗೆ ನಾಲ್ಕು ತಿಂಗಳಿದೆ.

— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಕಾಗದ ಸಿಗುತ್ತದೋ ಇಲ್ಲವೋ ಎಂಬುದು ಒಂದು, ಸಿಕ್ಕ ಕಾಗದಕ್ಕೆ ಇಲ್ಲಿ ಬೆಲೆ ಇದೆಯೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರ ಉತ್ತರವಿದೆ: ಸಿಗುತ್ತದೆ. ನೀವು ಅಮೆರಿಕಕ್ಕೆ ಹೋಗಬೇಕಿಲ್ಲ, ಹಿಂದಿನ ಗಂಡನ ಸಹಿ ಬೇಕಿಲ್ಲ, ಅವರಿಗೆ ಗೊತ್ತಾಗಬೇಕೆಂದೂ ಇಲ್ಲ. ಎರಡನೆಯದು ನೀವು ಯಾವ ಕಾಗದ ತರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ವಿದೇಶದಲ್ಲಿ ವಿಚ್ಛೇದನವಾದವರ ಪ್ರಕರಣಗಳನ್ನು ನಡೆಸುವ ನನ್ನಂಥ ವಕೀಲರ ಬಳಿ ಬರುವ ಅರ್ಧದಷ್ಟು ಗೋಳು ತಪ್ಪು ಕಾಗದ ತರಿಸಿಕೊಂಡವರದು.

ನಿಮ್ಮನ್ನು ಕೇಳಿರುವ ‘ಡೈವೋರ್ಸ್ ಸರ್ಟಿಫಿಕೇಟ್’ ಎಂಬ ಪತ್ರ ನಿಮ್ಮ ಪ್ರಕರಣದಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಆರೋಗ್ಯ ಇಲಾಖೆ, ಅಂದರೆ ಅಲ್ಲಿ ಜನನ ಮರಣ ಪತ್ರ ಕೊಡುವ ಇಲಾಖೆ, ವಿಚ್ಛೇದನದ ಬಗ್ಗೆ ಒಂದು ಪತ್ರ ಕೊಡುವುದುಂಟು. ಆದರೆ ಅದು 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳಿಗೆ ಮಾತ್ರ. ಅದರಲ್ಲೂ ದಂಪತಿಗಳ ಹೆಸರು, ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ), ಪ್ರಕರಣದ ಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. 2014ರ ತೀರ್ಪಿಗೆ ಆ ಇಲಾಖೆಗೆ ಬರೆದರೆ ಕಾಲಹರಣವಷ್ಟೇ. ಇಡೀ ಅಮೆರಿಕಕ್ಕೆ ಒಂದೇ ವಿಚ್ಛೇದನ ದಾಖಲೆ ಕಚೇರಿ ಎಂಬುದೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ದೂತಾವಾಸದಲ್ಲಿ ಈ ದಾಖಲೆ ಇರುವುದಿಲ್ಲ. ಮದುವೆ ನಡೆದ ಊರಿನಲ್ಲೂ ಇರುವುದಿಲ್ಲ. ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಮಟ್ಟದ, ನ್ಯಾಯಾಲಯಗಳ ದಾಖಲೆ ಜಾಲದಲ್ಲಿ ಹುಡುಕಿ ‘ನನ್ನ ಹೆಸರೇ ಇಲ್ಲ, ವಕೀಲ ಮೋಸ ಮಾಡಿದ’ ಎಂದು ಕಣ್ಣೀರಿಟ್ಟವರಿದ್ದಾರೆ. ಅಲ್ಲಿ ಇರುವುದಿಲ್ಲ, ಏಕೆಂದರೆ ವಿಚ್ಛೇದನ ರಾಜ್ಯದ ವಿಷಯ, ಮತ್ತು ಕಡತ ಇರುವುದು ಅರ್ಜಿ ಹಾಕಿದ ಕೌಂಟಿಯ ನ್ಯಾಯಾಲಯದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕಬೇಕಾದರೆ ದಂಪತಿಗಳಲ್ಲಿ ಒಬ್ಬರಾದರೂ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿರಬೇಕು. ಹಾಗಾಗಿ ಕೌಂಟಿಯೇ ನೆನಪಿಲ್ಲದವರು ಅಂದಿನ ಮನೆ ವಿಳಾಸದಿಂದ ಹುಡುಕಾಟ ಶುರುಮಾಡಬಹುದು. ನಿಮ್ಮದರಲ್ಲಿ ಆ ಗೊಂದಲವಿಲ್ಲ: ಸನಿವೇಲ್ ಮತ್ತು ಸ್ಯಾನ್ ಹೋಸೆ ಎರಡೂ ಸಾಂತಾ ಕ್ಲಾರಾ ಕೌಂಟಿಗೆ ಸೇರಿದವು. ನೀವು ಅಂದು ಹೋಗಿದ್ದ ಕಟ್ಟಡದಲ್ಲಿ ಈಗ ವಿಚಾರಿಸಬೇಡಿ. 2016ರಲ್ಲಿ ಸ್ಯಾನ್ ಹೋಸೆಯಲ್ಲಿ ಫ್ಯಾಮಿಲಿ ಜಸ್ಟಿಸ್ ಸೆಂಟರ್ ತೆರೆದ ಮೇಲೆ ಕುಟುಂಬ ಪ್ರಕರಣಗಳು ಅಲ್ಲಿಗೆ ಹೋಗಿವೆ.

ಕಡತ ನಾಶವಾಗಿರಬಹುದು ಎಂಬ ಭಯವನ್ನೂ ಬಿಡಿ. ಕುಟುಂಬ ಪ್ರಕರಣದ ಕಡತಗಳನ್ನು ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು 30 ವರ್ಷ ಇಟ್ಟುಕೊಳ್ಳಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ.

ಈಗ ನಿಮ್ಮ ಬಳಿ ಇರುವ ಇಮೇಲ್ ಪ್ರತಿಯನ್ನು ಎದುರಿಗಿಟ್ಟುಕೊಳ್ಳಿ. ಮೊದಲ ಪುಟದ ಕೆಳಗಿನ ಮೂಲೆಯಲ್ಲಿ ‘ಎಫ್‌ಎಲ್-180’ ಎಂದು ಅಚ್ಚಾಗಿರಬೇಕು. ಅದೇ ಕ್ಯಾಲಿಫೋರ್ನಿಯಾದ ವಿಚ್ಛೇದನ ತೀರ್ಪಿನ ನಮೂನೆ. ಮೇಲೆ ಬಲಗಡೆ ನ್ಯಾಯಾಲಯದ ಮೊಹರು ಬಿದ್ದಿರುತ್ತದೆ: ‘ಫೈಲ್ಡ್’ ಅಥವಾ ‘ಎಂಡಾರ್ಸ್ಡ್’ ಎಂದು, ದಿನಾಂಕದೊಡನೆ. ಇಲ್ಲೇ ಹೆಚ್ಚಿನವರು ಮೋಸಹೋಗುವುದು. ಸೀಲು ಇದೆಯಲ್ಲ, ಇದೇ ಅಸಲಿ ಎಂದು ವಾದ ಮಾಡುತ್ತಾರೆ. ಆ ಮೊಹರು ಹೇಳುವುದು ಕಾಗದ ನ್ಯಾಯಾಲಯಕ್ಕೆ ಸಲ್ಲಿಕೆಯಾಯಿತು ಎಂದಷ್ಟೇ. ಪ್ರಮಾಣೀಕೃತ ಪ್ರತಿ ಬೇರೆ. ಅದರಲ್ಲಿ, ಇದು ಈ ಕಚೇರಿಯಲ್ಲಿರುವ ಮೂಲದ ಸರಿಯಾದ ಪ್ರತಿ ಎಂಬ ಒಕ್ಕಣೆ, ಹಾಗೆ ದೃಢೀಕರಿಸಿದ ದಿನಾಂಕ, ಉಪ ಗುಮಾಸ್ತರ ಸಹಿ ಮತ್ತು ನ್ಯಾಯಾಲಯದ ಮುದ್ರೆ ಇರುತ್ತವೆ. ಮೂಲ ತೀರ್ಪು ಎಂದೆಂದಿಗೂ ನ್ಯಾಯಾಲಯದ ಕಡತದಲ್ಲೇ ಉಳಿಯುತ್ತದೆ, ಯಾರ ಕೈಗೂ ಬರುವುದಿಲ್ಲ. ‘ಒರಿಜಿನಲ್ ತನ್ನಿ’ ಎಂದು ಕಚೇರಿಯವರು ಕೇಳಿದಾಗ ಅವರಿಗೆ ನಿಜಕ್ಕೂ ಬೇಕಿರುವುದು ಈ ಪ್ರಮಾಣೀಕೃತ ಪ್ರತಿ. ಅಂದಹಾಗೆ, ನಿಮ್ಮ ಪ್ರತಿಯನ್ನು ನಿರಾಕರಿಸಿದ ಕಚೇರಿಯ ಬಗ್ಗೆ ನನಗೆ ತಕರಾರಿಲ್ಲ. ಕೇಳಿದ ಕಾಗದದ ಹೆಸರು ತಪ್ಪು, ಕೇಳಿದ್ದು ಸರಿ.

ಆ ಮೊದಲ ಪುಟದಲ್ಲೇ ಇನ್ನೊಂದು ವಿಷಯ ಗಮನಿಸಿ: ವೈವಾಹಿಕ ಸ್ಥಾನಮಾನ ಕೊನೆಗೊಳ್ಳುವ ದಿನಾಂಕ ಎಂಬ ಸಾಲು. ಕ್ಯಾಲಿಫೋರ್ನಿಯಾದಲ್ಲಿ ಎದುರು ಪಕ್ಷಕ್ಕೆ ಸಮನ್ಸ್ ತಲುಪಿದ ಅಥವಾ ಅವರು ಹಾಜರಾದ ದಿನದಿಂದ ಆರು ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ. ಅದಕ್ಕೆ ಮೊದಲೇ ನ್ಯಾಯಾಧೀಶರು ಸಹಿ ಮಾಡಿದ್ದರೂ ಮುಗಿಯುವ ದಿನ ಮುಂದಿನದೇ ಆಗಿರುತ್ತದೆ. ನೋಂದಣಿ ಅರ್ಜಿಯಲ್ಲಿ ‘ವಿಚ್ಛೇದನದ ದಿನಾಂಕ’ ಎಂದಿರುವಲ್ಲಿ ಇದನ್ನೇ ಬರೆಯಿರಿ, ಸಹಿಯ ದಿನಾಂಕವನ್ನಲ್ಲ. ಎರಡೂ ಬೇರೆಯಾಗಿದ್ದು, ಅರ್ಜಿಯಲ್ಲೊಂದು ತೀರ್ಪಿನಲ್ಲೊಂದು ಕಂಡರೆ, ಗುಮಾಸ್ತರು ಮತ್ತೆ ಪ್ರಶ್ನೆ ಎತ್ತುತ್ತಾರೆ.

ತೀರ್ಪೊಂದನ್ನೇ ತರಿಸಿದರೆ ಸಾಕೇ? ನೋಂದಣಿಗೆ ಸಾಕು. ಆದರೆ ಕೆಲಸ ಒಮ್ಮೆ ಕೈಗೆತ್ತಿಕೊಂಡ ಮೇಲೆ ಅದೇ ಅರ್ಜಿಯಲ್ಲಿ ಇನ್ನೆರಡು ಕಾಗದ ಕೇಳಿ ಎಂದು ನಾನು ಒತ್ತಾಯ ಮಾಡುತ್ತೇನೆ. ಒಂದು, ಗಂಡನ ಅರ್ಜಿಗೆ ನೀವು ಸಲ್ಲಿಸಿದ ಉತ್ತರ, ನಮೂನೆ ಎಫ್‌ಎಲ್-120. ಇನ್ನೊಂದು, ಇಬ್ಬರೂ ಸಹಿ ಮಾಡಿದ ಒಪ್ಪಂದ. ಅದು ಸಾಮಾನ್ಯವಾಗಿ ತೀರ್ಪಿನ ಲಗತ್ತಾಗಿಯೇ ಇರುತ್ತದೆ, ಆದ್ದರಿಂದ ‘ಎಲ್ಲ ಲಗತ್ತುಗಳ ಸಮೇತ’ ಎಂದು ಬರೆಯುವುದನ್ನು ಮರೆಯಬೇಡಿ. ಇವು ಏಕೆ ಬೇಕು ಎಂದರೆ, ನಿಮ್ಮನ್ನು ಹೆದರಿಸಿದ ಆ ಮಹನೀಯರ ಮಾತಿಗೆ ಉತ್ತರ ಇರುವುದು ಇವುಗಳಲ್ಲೇ.

ಅಮೆರಿಕದ ವಿಚ್ಛೇದನ ಭಾರತದಲ್ಲಿ ನಡೆಯುವುದಿಲ್ಲ ಎಂಬ ಮಾತು ಹುಟ್ಟಿದ್ದು ಸರ್ವೋಚ್ಚ ನ್ಯಾಯಾಲಯದ 1991ರ ಒಂದು ತೀರ್ಪಿನಿಂದ: ವೈ. ನರಸಿಂಹ ರಾವ್ ವಿರುದ್ಧ ವೈ. ವೆಂಕಟ ಲಕ್ಷ್ಮಿ ಪ್ರಕರಣ. ತಿರುಪತಿಯಲ್ಲಿ ಮದುವೆಯಾದ ಗಂಡ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿ ನ್ಯಾಯಾಲಯದಿಂದ ವಿಚ್ಛೇದನ ತಂದು ಇನ್ನೊಂದು ಮದುವೆಯಾದ. ಹೆಂಡತಿ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಲಿಲ್ಲ. ಇಲ್ಲಿ ದ್ವಿಪತ್ನಿತ್ವದ ದೂರು ದಾಖಲಾಯಿತು. ಸರ್ವೋಚ್ಚ ನ್ಯಾಯಾಲಯ ಆ ವಿಚ್ಛೇದನವನ್ನು ಮಾನ್ಯಮಾಡಲಿಲ್ಲ. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಅದೇ ತೀರ್ಪು ಮೂರು ಸಂದರ್ಭಗಳನ್ನು ಹೊರಗಿಟ್ಟಿದೆ ಎಂಬುದನ್ನು ಹೇಳುವವರು ಕಡಿಮೆ. ಎದುರು ಪಕ್ಷದವರು ನೆಲೆಸಿರುವ ಸ್ಥಳದಲ್ಲೇ ಪ್ರಕರಣ ನಡೆದು, ದಂಪತಿಗಳ ವಿವಾಹ ಕಾನೂನಿನಲ್ಲಿರುವ ಕಾರಣದ ಮೇಲೆ ವಿಚ್ಛೇದನ ಸಿಕ್ಕಿದ್ದರೆ, ಅದು ಮಾನ್ಯ. ಎದುರು ಪಕ್ಷದವರು ಸ್ವಇಚ್ಛೆಯಿಂದ ಹಾಜರಾಗಿ ಅಂಥ ಕಾರಣದ ಮೇಲೆಯೇ ವಾದಿಸಿದ್ದರೆ, ಮಾನ್ಯ. ಎದುರು ಪಕ್ಷದವರು ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೂ ಮಾನ್ಯ.

ಕ್ಯಾಲಿಫೋರ್ನಿಯಾದ ತೀರ್ಪುಗಳಲ್ಲಿ ಕಾರಣ ಎಂದಿರುವಲ್ಲಿ ಬಹುತೇಕ ಯಾವಾಗಲೂ ‘ಹೊಂದಿಸಲಾಗದ ಭಿನ್ನಾಭಿಪ್ರಾಯ’ ಎಂದಿರುತ್ತದೆ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಹೆಸರಿನ ಕಾರಣವಿಲ್ಲ. ಆದ್ದರಿಂದ ಮೊದಲೆರಡು ಬಾಗಿಲು ನಿಮಗೆ ಅಷ್ಟು ಸಲೀಸಲ್ಲ. ನಿಮ್ಮದು ಮೂರನೆಯದು, ಒಪ್ಪಿಗೆ. ಅರ್ಜಿ ಹಾಕಿದವರು ಗಂಡ, ಒಪ್ಪಿದವರು ನೀವು. ನಾಳೆ ಯಾರಾದರೂ ಪ್ರಶ್ನಿಸಿದರೆ ‘ನಾನು ಒಪ್ಪಿದ್ದೆ’ ಎಂಬ ಬಾಯಿಮಾತಿಗಿಂತ ನಿಮ್ಮ ಸಹಿ ಇರುವ ಎಫ್‌ಎಲ್-120 ಮತ್ತು ಒಪ್ಪಂದ ಎಷ್ಟೋ ಮೇಲು. ತಾನೇ ಅರ್ಜಿ ಹಾಕಿ ಪಡೆದ ವಿಚ್ಛೇದನವನ್ನು ಹಿಂದಿನ ಗಂಡ ಅಲ್ಲಗಳೆಯುವ ಸಂಭವವೂ ತೀರಾ ಕಡಿಮೆ. ಹೆಂಡತಿಗೆ ತಿಳಿಸದೆ, ಆಕೆ ಭಾರತಕ್ಕೆ ಬಂದಿದ್ದಾಗ ಏಕಪಕ್ಷೀಯವಾಗಿ ತೀರ್ಪು ಪಡೆದವರ ಕಥೆ ಬೇರೆ. ಅವರು ಎಷ್ಟು ಸೀಲು ಹಾಕಿಸಿ ತಂದರೂ ಪ್ರಯೋಜನವಿಲ್ಲ.

ಆ 1991ರ ತೀರ್ಪಿನಲ್ಲಿ ಕಾಗದದ ಬಗ್ಗೆಯೂ ಒಂದು ಸ್ವಾರಸ್ಯಕರ ಭಾಗವಿದೆ. ಗಂಡ ಹಾಜರುಪಡಿಸಿದ್ದು ಫೋಟೊಸ್ಟಾಟ್ ಪ್ರತಿ, ಅದನ್ನು ಕೌಂಟಿ ನ್ಯಾಯಾಲಯದ ಉಪ ಗುಮಾಸ್ತರು ಪ್ರಮಾಣೀಕರಿಸಿದ್ದರು. ಫೋಟೊಸ್ಟಾಟ್ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದಿತು ಸರ್ವೋಚ್ಚ ನ್ಯಾಯಾಲಯ. ಕೊರತೆ ಇದ್ದದ್ದು ಮುಂದಿನ ಮೆಟ್ಟಿಲಲ್ಲಿ: ಅಮೆರಿಕದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಆಗಿರಲಿಲ್ಲ. ಅಂದು ಅಪೊಸ್ಟಿಲ್ ವ್ಯವಸ್ಥೆಗೆ, ಅಂದರೆ ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪಲೆಂದು ಹಾಕುವ ದೃಢೀಕರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ, ಭಾರತ ಸೇರಿರಲಿಲ್ಲ. 2005ರ ಜುಲೈಯಲ್ಲಿ ಅದು ನಮಗೆ ಜಾರಿಗೆ ಬಂತು. ಅಮೆರಿಕ ಮೊದಲೇ ಸದಸ್ಯ. ಹಾಗಾಗಿ ಈಗ ನಿಮ್ಮ ಪ್ರಮಾಣೀಕೃತ ಪ್ರತಿಗೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್ ಮಾಡಿಸಿದರೆ ಸರ್ಕಾರಿ ಕಚೇರಿಗಳಿಗೆ ಅದು ಸಾಕು. ನೋಟರಿಯಿಂದ ‘ಟ್ರೂ ಕಾಪಿ’ ಮಾಡಿಸಿದ ಜೆರಾಕ್ಸ್ ಮೇಲೆ ಅಪೊಸ್ಟಿಲ್ ಮಾಡಿಸುವವರೂ ಇದ್ದಾರೆ. ಅಲ್ಲಿ ದೃಢವಾಗುವುದು ನೋಟರಿಯ ಸಹಿಯೇ ಹೊರತು ನ್ಯಾಯಾಲಯದ್ದಲ್ಲ, ದುಡ್ಡು ದಂಡ. ಇನ್ನು, ಪ್ರಮಾಣೀಕೃತ ಪ್ರತಿ ಎದುರಿಗಿದ್ದರೆ, ವಿರುದ್ಧ ಸಾಕ್ಷ್ಯ ಕಾಣದ ಹೊರತು, ತೀರ್ಪು ಕೊಟ್ಟ ವಿದೇಶಿ ನ್ಯಾಯಾಲಯಕ್ಕೆ ಅಧಿಕಾರವಿತ್ತು ಎಂದೇ ನಮ್ಮ ನ್ಯಾಯಾಲಯಗಳು ಭಾವಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಕಲಂ ಹೇಳುತ್ತದೆ. ಆ ಅನುಕೂಲ ಇಮೇಲ್ ಪ್ರತಿಗೆ ಇಲ್ಲ.

ಇನ್ನು ತರಿಸುವ ಕೆಲಸ. ಪ್ರಕರಣದ ಸಂಖ್ಯೆ ನಿಮ್ಮ ಇಮೇಲ್ ಪ್ರತಿಯ ಮೇಲೆಯೇ ಇದೆ, ಅಲ್ಲಿಗೆ ಅರ್ಧ ಕೆಲಸ ಆದಂತೆ. ಸಂಖ್ಯೆ ಇಲ್ಲದ ಓದುಗರಿಗಾಗಿ ಒಂದು ಮಾತು: ನ್ಯಾಯಾಲಯದ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು, ಆದರೆ ನಮ್ಮ ಹೆಸರುಗಳು ಅಲ್ಲಿ ಪಡುವ ಪಾಡು ದೇವರಿಗೇ ಪ್ರೀತಿ. ಇನಿಷಿಯಲ್ ಬಿಡಿಸಿದಾಗ ಅಪ್ಪನ ಹೆಸರು ಕುಲನಾಮವಾಗಿರುತ್ತದೆ, ಕೆಲವೊಮ್ಮೆ ಊರಿನ ಹೆಸರೇ ಕುಲನಾಮ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಅದೇ ನ್ಯಾಯಾಲಯದ ಕಡತಕ್ಕೂ ಹೋಗಿರುತ್ತದೆ. ಆದ್ದರಿಂದ ಹೆಸರು ಹಿಂದುಮುಂದು ಮಾಡಿ, ಗಂಡನ ಹೆಸರಿನಿಂದ, ತವರಿನ ಹೆಸರಿನಿಂದ, ಎಫ್‌ಎನ್‌ಯು ಸೇರಿಸಿ ಹುಡುಕಬೇಕು. ಸಿಗಲಿಲ್ಲವೆಂದ ಮಾತ್ರಕ್ಕೆ ಕಡತ ಇಲ್ಲವೆಂದಲ್ಲ. ಗುಮಾಸ್ತರೇ ಹುಡುಕಿಕೊಡುತ್ತಾರೆ, ಹತ್ತು ನಿಮಿಷ ಮೀರಿದರೆ 15 ಡಾಲರ್ ಶುಲ್ಕ.

ಜಾಲತಾಣದಲ್ಲಿ ನಿಮಗೆ ಕಾಣುವುದು ಯಾವ ದಿನ ಏನು ದಾಖಲಾಯಿತು ಎಂಬ ಪಟ್ಟಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಕುಟುಂಬ ಪ್ರಕರಣದ ಕಾಗದಗಳನ್ನು ಸಾರ್ವಜನಿಕರು ದೂರದಿಂದ ತೆರೆದು ನೋಡುವಂತೆ ಇಡುವುದಿಲ್ಲ. ನ್ಯಾಯಾಲಯದ ಕಟ್ಟಡಕ್ಕೇ ಹೋಗಿ ನೋಡಬೇಕು. ಹಾಗೆಂದು ಅವು ಗುಟ್ಟಿನವಲ್ಲ. ನ್ಯಾಯಾಧೀಶರು ಮುಚ್ಚಿಡಲು ಆದೇಶಿಸಿದ ಭಾಗ ಬಿಟ್ಟರೆ, ಯಾರು ಬೇಕಾದರೂ ಹೋಗಿ ಪ್ರತಿ ಕೇಳಬಹುದು. ಇದು ನಿಮಗೆ ಅನುಕೂಲ: ಸ್ಯಾನ್ ಹೋಸೆಯನ್ನೊಳಗೊಂಡ ಬೇ ಏರಿಯಾ ಪ್ರದೇಶದಲ್ಲಿ ನಂಬಿಕಸ್ಥ ಗೆಳತಿಯೋ ಸಂಬಂಧಿಕರೋ ಇದ್ದರೆ ಅವರೇ ಹೋಗಿ ತರಬಹುದು, ಅಧಿಕಾರ ಪತ್ರ ಬೇಕಿಲ್ಲ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ನ್ಯೂಯಾರ್ಕ್‌ನಲ್ಲಿ ವಿಚ್ಛೇದನದ ಕಡತ ದಂಪತಿಗಳಿಗೆ ಮತ್ತು ಅವರ ವಕೀಲರಿಗೆ ಮಾತ್ರ ತೆರೆದಿರುತ್ತದೆ; ಬೇರೆಯವರನ್ನು ಕಳಿಸುವುದಾದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೊಡಬೇಕು. ಟೆಕ್ಸಾಸ್‌ನ ಆರೋಗ್ಯ ಇಲಾಖೆ ಕೊಡುವ ದೃಢೀಕರಣ ಪತ್ರವನ್ನು ತೀರ್ಪೆಂದು ತಿಳಿದು ತಂದವರಿದ್ದಾರೆ. ಅಲ್ಲಿ ತೀರ್ಪು ಇರುವುದು ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ.

ನನ್ನನ್ನು ಕೇಳಿದರೆ ಗೆಳತಿಯ ದಾರಿಯೇ ಲೇಸು. ಅಂಚೆಯಲ್ಲಿ ಇಲ್ಲಿಂದ ನೇರವಾಗಿ ಬರೆಯಲೂಬಹುದು, ಆದರೆ ಎಡವುವುದು ಸಣ್ಣ ವಿಷಯಗಳಲ್ಲಿ. ನಮ್ಮ ಬ್ಯಾಂಕಿನ ರೂಪಾಯಿ ಚೆಕ್ ಅಲ್ಲಿ ನಡೆಯುವುದಿಲ್ಲ, ಅಮೆರಿಕದ ಬ್ಯಾಂಕಿನ ಡಾಲರ್ ಚೆಕ್ ಬೇಕು. ಮರಳಿ ಕಳಿಸಲು ವಿಳಾಸ ಬರೆದ ಲಕೋಟೆ ಇಡಬೇಕು, ಅದಕ್ಕೆ ಅವರ ದೇಶದ ಅಂಚೆಚೀಟಿಯೇ ಬೇಕು; ನಮ್ಮ ಚೀಟಿ ಅಂಟಿಸಿ ಕಳಿಸಿದರೆ ಲಕೋಟೆ ಅಲ್ಲೇ ಕೂರುತ್ತದೆ. ಸಾಕಷ್ಟು ದಿನವೂ ಹಿಡಿಯುತ್ತದೆ. ಪರಿಚಿತರು ಯಾರೂ ಇಲ್ಲದಿದ್ದರೆ ಸ್ಯಾನ್ ಹೋಸೆಯಲ್ಲಿ ನ್ಯಾಯಾಲಯದ ಓಡಾಟ ಮಾಡಿಕೊಡುವ ಸೇವಾ ಸಂಸ್ಥೆಗಳಿವೆ, ಸ್ಥಳೀಯ ವಕೀಲರ ಕಚೇರಿಗಳೂ ಮಾಡುತ್ತವೆ. ನ್ಯಾಯಾಲಯದ ಶುಲ್ಕದ ಹಲವು ಪಟ್ಟು ತೆಗೆದುಕೊಳ್ಳುತ್ತಾರೆ, ಆದರೆ ಕೆಲಸ ಆಗುತ್ತದೆ. ‘ಅಮೆರಿಕದ ಯಾರದೇ ವಿಚ್ಛೇದನ ದಾಖಲೆ ಐದು ನಿಮಿಷದಲ್ಲಿ’ ಎಂದು ಜಾಹೀರಾತು ಕೊಡುವ ತಾಣಗಳಿಗೆ ಮಾತ್ರ ಕಾರ್ಡ್ ಸಂಖ್ಯೆ ಕೊಡಬೇಡಿ. ಅವರು ಕೊಡುವುದು ಎಲ್ಲೆಲ್ಲಿಂದಲೋ ಒಟ್ಟುಮಾಡಿದ ಮಾಹಿತಿ. ಯಾವ ಕಚೇರಿಯಲ್ಲೂ ಅದಕ್ಕೆ ಕಿಮ್ಮತ್ತಿಲ್ಲ.

ಖರ್ಚಿನ ಅಂದಾಜು ಹೇಳುವುದಾದರೆ, ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನ ತೀರ್ಪಿನ ಪ್ರಮಾಣೀಕೃತ ಪ್ರತಿಗೆ 15 ಡಾಲರ್. ಬೇರೆ ಕಾಗದಗಳಿಗೆ ಪುಟಕ್ಕೆ 50 ಸೆಂಟ್, ಪ್ರಮಾಣೀಕರಣಕ್ಕೆ ಪ್ರತ್ಯೇಕವಾಗಿ 40 ಡಾಲರ್. ಅಪೊಸ್ಟಿಲ್‌ಗೆ 20 ಡಾಲರ್. ದರ ಪರಿಷ್ಕರಣೆ ಆಗುತ್ತಿರುತ್ತದೆ, ಹೊರಡುವ ದಿನ ನ್ಯಾಯಾಲಯದ ಶುಲ್ಕಪಟ್ಟಿ ನೋಡಲು ನಿಮ್ಮ ಗೆಳತಿಗೆ ಹೇಳಿ. ತೀರ್ಪಿನ ಎರಡು ಪ್ರಮಾಣೀಕೃತ ಪ್ರತಿ ತೆಗೆಸಿ, ಎರಡಕ್ಕೂ ಅಪೊಸ್ಟಿಲ್ ಮಾಡಿಸಿ. ಪಾಸ್‌ಪೋರ್ಟ್‌ನಲ್ಲಿ ಹಿಂದಿನ ಗಂಡನ ಹೆಸರು ತೆಗೆಸುವಾಗ ಬೇಕಾಗುತ್ತದೆ, ಮುಂದೆಂದಾದರೂ ಅಮೆರಿಕದ ವಲಸೆ ಅರ್ಜಿ ಹಾಕಿದರೆ ಅಲ್ಲೂ ಹಿಂದಿನ ಮದುವೆ ಮುಗಿದದ್ದಕ್ಕೆ ಪುರಾವೆ ಕೇಳುತ್ತಾರೆ. ಅಪೊಸ್ಟಿಲ್ ಕಚೇರಿ ಸ್ಯಾಕ್ರಮೆಂಟೊದಲ್ಲಿದೆ, ಅಂಚೆಯಲ್ಲೂ ಕಳಿಸಬಹುದು. ಲಾಸ್ ಏಂಜಲಿಸ್‌ನಲ್ಲೂ ಒಂದು ಶಾಖೆ ಇದೆ, ಅಲ್ಲಿ ಖುದ್ದಾಗಿ ಹೋಗಬೇಕು. ಯಾವ ದೇಶಕ್ಕಾಗಿ ಎಂಬ ಪ್ರಶ್ನೆಗೆ ‘ಭಾರತ’ ಎಂದು ಬರೆಯಲೇಬೇಕು.

ಕೇಳಲು ಕ್ಷುಲ್ಲಕ, ಆದರೆ ಕೆಲಸ ಕೆಡಿಸುವ ಒಂದು ಸಂಗತಿ: ಪ್ರಮಾಣೀಕೃತ ಪ್ರತಿಯ ಪಿನ್ನನ್ನು ಯಾರೂ ಬಿಚ್ಚದಂತೆ ನೋಡಿಕೊಳ್ಳಿ. ಅಮೆರಿಕದಲ್ಲಿ ಬಿಚ್ಚಿದರೆ ಅಪೊಸ್ಟಿಲ್ ಕಚೇರಿ ತಿರಸ್ಕರಿಸಬಹುದು. ಇಲ್ಲಿಗೆ ಬಂದ ಮೇಲೆ ಅಪಾಯ ಜೆರಾಕ್ಸ್ ಅಂಗಡಿಯದು. ಹಾಳೆಗಳನ್ನು ಯಂತ್ರಕ್ಕೆ ಹಾಕಲು ಹುಡುಗ ಕ್ಷಣಮಾತ್ರದಲ್ಲಿ ಪಿನ್ ಕಿತ್ತಿರುತ್ತಾನೆ; ಆಮೇಲೆ ಎರಡು ಜೊತೆ ತೂತು ಕಂಡ ಅಧಿಕಾರಿ ಯಾವುದೋ ಪುಟ ಬದಲಾಗಿದೆ ಎಂದು ಅನುಮಾನಿಸಿದರೆ ತಪ್ಪು ಹೇಳಲಾಗದು. ಮಡಚಿ ಹಿಡಿದೇ ಪ್ರತಿ ತೆಗೆಸಿ.

ಕಾಗದ ಕೈಗೆ ಬಂದ ಮೇಲೆ ನಿಮ್ಮ ಮುಂದೆ ಎರಡು ಮೂರು ದಾರಿಗಳಿವೆ. ನೇರವಾಗಿ ಉಪನೋಂದಣಾಧಿಕಾರಿ ಕಚೇರಿಗೆ ಸಲ್ಲಿಸುವುದು ಮೊದಲನೆಯದು. ನಿಮ್ಮ ಪ್ರಕರಣದಲ್ಲಿ ನಾನು ಹೇಳುವುದು ಇದನ್ನೇ. ನೋಂದಣಿಯಾದ ಮಾತ್ರಕ್ಕೆ ವಿಚ್ಛೇದನದ ಸಿಂಧುತ್ವವನ್ನು ಯಾರೂ ಎಂದೂ ಪ್ರಶ್ನಿಸುವಂತಿಲ್ಲ ಎಂದಾಗುವುದಿಲ್ಲ, ಅಷ್ಟೇ ಇದರ ಮಿತಿ. ಎರಡನೆಯದು, ಹಿಂದಿನ ಮದುವೆ ಮುಗಿದಿದೆ ಎಂದು ಇಲ್ಲಿನ ಕೌಟುಂಬಿಕ ನ್ಯಾಯಾಲಯದಿಂದ ಘೋಷಣೆ ಪಡೆಯುವುದು. ಅದು ಗಟ್ಟಿ. ಆದರೆ ಹಿಂದಿನ ಗಂಡನನ್ನು ಪಕ್ಷಕಾರರನ್ನಾಗಿ ಮಾಡಿ ನೋಟಿಸ್ ಕೊಡಬೇಕಾಗುತ್ತದೆ, ನಾಲ್ಕು ತಿಂಗಳಲ್ಲಿ ಮುಗಿಯುವ ಮಾತಲ್ಲ. ಆಸ್ತಿ ವ್ಯಾಜ್ಯ ಇದ್ದವರಿಗೆ, ಅಥವಾ ಏಕಪಕ್ಷೀಯ ತೀರ್ಪಿನ ವಾಸನೆ ಇದ್ದವರಿಗೆ ಇದನ್ನು ಹೇಳುತ್ತೇನೆ. ಇಲ್ಲಿ ಹೊಸದಾಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ತೆಗೆದುಕೊಳ್ಳಿ ಎಂದು ಸಲಹೆ ಕೊಡುವವರೂ ಇದ್ದಾರೆ. ಮುಗಿದ ಮದುವೆ ಇನ್ನೂ ಇದೆ ಎಂದು ನೀವೇ ಪ್ರಮಾಣ ಮಾಡಿ ಹೇಳಿದಂತಾಗುತ್ತದೆ. ಹಿಂದಿನ ಗಂಡ ಅಷ್ಟರಲ್ಲಿ ಮರುಮದುವೆಯಾಗಿದ್ದರೆ ಅವರ ಮದುವೆಗೂ ಕುತ್ತು. ನಿಮಗೆ ಅದು ಬೇಡ.

ಒಪ್ಪಂದದ ಪುಟಗಳಲ್ಲಿ ನಿಮ್ಮಿಬ್ಬರ ಸಂಬಳ, ಉಳಿತಾಯ, ಆಸ್ತಿ ಹಂಚಿಕೆಯ ವಿವರ ಇರಬಹುದು. ನೋಂದಣಿ ಕಚೇರಿಗೆ ಕೊಡುವ ಜೆರಾಕ್ಸ್‌ನಲ್ಲಿ ಎಫ್‌ಎಲ್-180 ಮತ್ತು ಅಪೊಸ್ಟಿಲ್ ಹಾಳೆ ಇದ್ದರೆ ಸಾಕು. ಪೂರ್ತಿ ಕಟ್ಟನ್ನು ತೋರಿಸಿ, ಕೊಟ್ಟು ಬರಬೇಡಿ.

ತಾರೀಖಿನ ಬಗ್ಗೆ: ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನಗಳ ನೋಟಿಸ್ ಅವಧಿ ಇದೆ, ಅದನ್ನು ಲೆಕ್ಕಕ್ಕೆ ಹಿಡಿದು ಈ ವಾರವೇ ಕೆಲಸ ಶುರುಮಾಡಿ. ಶಾಸ್ತ್ರೋಕ್ತವಾಗಿ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸುವುದಾದರೆ ಅಷ್ಟು ಬಿಗಿಯಿಲ್ಲ, ಆದರೂ ಪ್ರಮಾಣೀಕೃತ ಪ್ರತಿ ಕೈಸೇರುವ ತನಕ ಲಗ್ನಪತ್ರಿಕೆ ಅಚ್ಚುಹಾಕಿಸಬೇಡಿ ಎಂಬುದು ನನ್ನ ಸಲಹೆ. ಅಪೊಸ್ಟಿಲ್ ಸಮೇತ ತಂದ ಮೇಲೂ ಕಚೇರಿಯಲ್ಲಿ ‘ಆಗುವುದಿಲ್ಲ’ ಎಂದರೆ ಜಗಳ ಬೇಡ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಯಾವ ಕಾರಣಕ್ಕೆ ಆಗುವುದಿಲ್ಲ ಎಂದು ಹಿಂಬರಹ ಕೊಡಲು ಕೇಳಿ. ಹಿಂಬರಹ ಬರೆಯಬೇಕು ಎಂದಾಗ ಹೆಚ್ಚಿನ ಆಕ್ಷೇಪಣೆಗಳು ತಾವಾಗಿ ಕರಗುತ್ತವೆ. ಕರಗದಿದ್ದರೆ ಅದೇ ಹಿಂಬರಹದೊಡನೆ ಜಿಲ್ಲಾ ನೋಂದಣಾಧಿಕಾರಿಯನ್ನು ಕಾಣಿ, ಅಲ್ಲೂ ಆಗದಿದ್ದರೆ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಲು ಅದೇ ಆಧಾರ.